ಹಿಕ್ಕೆ ಗೊಬ್ಬರ ಹಾಕಿದ ಗುಡ್ಡ

ನಮ್ಮೂರ ಹಿಂದಿನ ಗುಡ್ಡಕ್ಕೆ ಮೂರು ವರ್ಷ ಕುರಿ ಬಿಡಬಾರದು ಎಂದು ಬರೆದ ಕಾಗದಕ್ಕೆ ಸಹಿ ಹಾಕಿದವಳು ನಾನು. ಬೇರೆಯವರ ಮೇಲೆ ಹಾಕಿ ಹೇಳಬಹುದು, ಅಲ್ಲ ಎನ್ನುವವರು ಈಗ ಯಾರೂ ಉಳಿದಿಲ್ಲ. ಆದರೆ ಹಾಕಿದ್ದು ನಾನೇ. ಆ ಗುಡ್ಡವನ್ನು ನಂಬಿಕೊಂಡಿದ್ದವಳು ನನ್ನ ಗಂಡನ ಅಕ್ಕ. ನಲವತ್ತು ಕುರಿ ಬಿಟ್ಟರೆ ಅವಳಿಗೆ ಬೇರೇನೂ ಇರಲಿಲ್ಲ.

ನಾನು ಹುಟ್ಟಿದ್ದು ಮಡಕಶಿರದ ಕಡೆ, ಗುಡಿಬಂಡೆಗೆ ನಡೆದು ಹೋಗುವಷ್ಟು ದೂರದ ಊರಲ್ಲಿ. ಕೊಟ್ಟಿದ್ದು ರಾಯದುರ್ಗದ ಕಡೆ, ಗುಮ್ಮಘಟ್ಟದ ಹತ್ತಿರ. ಎರಡೂ ತೆಲುಗು ರಾಜ್ಯದ ಗಡಿಯೂರುಗಳು. ಎರಡು ಕಡೆಯೂ ಮನೆಮಾತು ಕನ್ನಡವೇ, ಎರಡು ಕಡೆಯೂ ತೆಲುಗು ಬರುತ್ತದೆ. ಆದರೂ ಮದುವೆಯಾಗಿ ಬಂದ ಹೊಸದರಲ್ಲಿ ನಾನು ಬಾಯಿ ತೆರೆದರೆ ಮನೆಯವರು ನಗುತ್ತಿದ್ದರು. ಎಲ್ಲರಿಗಿಂತ ಹೆಚ್ಚು ನಗುತ್ತಿದ್ದವಳು ಅಕ್ಕ. ಗಂಡ ಸತ್ತ ಮೇಲೆ ಅವಳು ತವರಿಗೆ ಬಂದು, ತಮ್ಮನ ಮನೆಯ ಮಗ್ಗುಲಲ್ಲೇ ಒಂದು ಕೋಣೆ ಕಟ್ಟಿಕೊಂಡು ಇದ್ದಳು. ಮಕ್ಕಳಿಲ್ಲ. ಬರುವಾಗ ಹೊಡೆದುಕೊಂಡು ಬಂದದ್ದು ಹನ್ನೆರಡು ಕುರಿ. ಆ ಹನ್ನೆರಡನ್ನು ನಲವತ್ತು ಮಾಡಿದ್ದು ಅವಳ ಕಾಲು.

ನಾನು ಬಂದ ವರ್ಷ, ಒಂದು ಸಂಜೆ, ಗುಡ್ಡದಿಂದ ಇಳಿದು ಬಂದವಳು ಸೆರಗಿನಲ್ಲಿದ್ದ ಹಣ್ಣನ್ನೆಲ್ಲ ನನ್ನ ಮುಂದೆ ಸುರಿದಳು.

"ಯಲಚಿ ಹಣ್ಣು ಎಲ್ಲಿ ಸಿಕ್ಕಿದ್ವಕ್ಕ?" ಎಂದೆ.

"ಏನ್ ಹಣ್ಣು?"

"ಯಲಚಿ."

"ಇದಕ ಬಾರಿಹಣ್ಣು ಅಂತಾರವ್ವ. ನಿಮ್ ಕಡಿ ಹೆಸ್ರು ಹಿಡಿದು ಕರದ್ರ ಹುಳಿ ಆಗ್ತಾವು. ಸುಮ್ನ ತಿನ್ನು."

ಗುಡ್ಡ ದೊಡ್ಡದೇನಲ್ಲ. ಒಂದು ಹೊತ್ತಿನಲ್ಲಿ ಹತ್ತಿ ಇಳಿಯಬಹುದು. ಆಗ ಅದರ ತುಂಬ ಬಂದರಿಕೆ ಪೊದೆ, ಕಾರೆ, ಕವಳೆ, ಮಳೆ ಬಿದ್ದರೆ ಮೊಣಕಾಲಿನ ತನಕ ಹುಲ್ಲು. ಮಧ್ಯಾಹ್ನ ಅಕ್ಕನಿಗೆ ರೊಟ್ಟಿ ಕಟ್ಟಿಕೊಂಡು ನಾನು ಮೇಲೆ ಹೋಗುತ್ತಿದ್ದೆ. ಹೋಗುವುದು ರೊಟ್ಟಿ ಕೊಡುವುದಕ್ಕೆ, ಕೂರುವುದು ಮಾತಾಡುವುದಕ್ಕೆ. ಅತ್ತೆ ಕೆಳಗಿನಿಂದ ಕೂಗುವ ತನಕ ಇಳಿಯುತ್ತಿರಲಿಲ್ಲ. ಬಂದರಿಕೆ ಸೊಪ್ಪನ್ನು ಅಂಗೈಯಲ್ಲಿ ತಿಕ್ಕಿದರೆ ಬರುವ ವಾಸನೆ, ಬಿಸಿಲಿಗೆ ಕಾದ ಬಂಡೆ, ಕುರಿ ಹುಲ್ಲು ಹರಿಯುವ ಕರಕರ ಸದ್ದು. ನನಗೆ ಈ ಊರು ಅಂದರೆ ಮೊದಲು ಬರುವುದು ಅದು. ಮನೆ ಆಮೇಲೆ ಬರುತ್ತದೆ.

ಬಿತ್ತನೆಗೆ ಮುಂಚೆ ಊರಿನವರು ಅಕ್ಕನ ಕೋಣೆಯ ಮುಂದೆ ಬಂದು ನಿಲ್ಲುತ್ತಿದ್ದರು. "ಈ ಸಲ ನಮ್ ಹೊಲದಾಗ ಎಂಟು ದಿನ ತರುಬವ್ವ," ಎಂದು ಕೇಳುವರು. ಕುರಿ ತರುಬುವುದು ಎಂದರೆ ಮಂದೆಯನ್ನು ಇರುಳು ಹೊಲದಲ್ಲೇ ಕೂರಿಸುವುದು. ಹಿಕ್ಕೆಯೂ ಗಂಜಲವೂ ಅಲ್ಲೇ ಬಿದ್ದು ಮಣ್ಣಿಗೆ ಸೇರುತ್ತದೆ. ಬದಲಿಗೆ ಜೋಳ, ನವಣೆ ಕೊಡುವರು. ಆ ದಿನಗಳಲ್ಲಿ ಅಕ್ಕನ ಗತ್ತೇ ಬೇರೆ. ಇಂಥವರ ಹೊಲ, ಇಂಥವರದ್ದು ಆಮೇಲೆ ಎಂದು ಕೂತಲ್ಲೇ ಹೇಳುತ್ತಿದ್ದಳು. ಊರ ದೊಡ್ಡ ಮನೆಯವರೂ ಅವಳಿಗಾಗಿ ಕಾಯಬೇಕಿತ್ತು.

ಆಮೇಲೆ ಶೇಂಗಾ ಬಂತು. ಬಂತು ಎಂದರೆ ಅದು ಮೊದಲೂ ಇತ್ತು, ಆದರೆ ಬೇರೆಯದಕ್ಕೆ ಜಾಗ ಬಿಡದ ಹಾಗೆ ಬಂತು. ಗುಡ್ಡದ ಬುಡದ ತನಕ ಉತ್ತರು. ಬೀಳು ಬಿಟ್ಟ ನೆಲ ಇಲ್ಲವಾಯಿತು. ಊರಿನ ಕುರಿ, ಮೇಕೆ, ದನ ಎಲ್ಲ ಗುಡ್ಡವನ್ನೇ ಹತ್ತಿದವು. ಹೆಂಗಸರು ನಾವು ಬಂದರಿಕೆ ಪೊದೆಯನ್ನು ಬುಡಸಮೇತ ಕಿತ್ತು ಒಲೆಗೆ ತಂದೆವು. ನಾನೂ ತಂದಿದ್ದೇನೆ. ಹತ್ತು ವರ್ಷದೊಳಗೆ ಗುಡ್ಡ ತಲೆ ಬೋಳಿಸಿದ ಹಾಗೆ ಆಯಿತು. ಮಳೆ ಬಿದ್ದರೆ ನೀರು ಕೆಂಪಗೆ ಹರಿದು ಅದೇ ಗಳಿಗೆ ಹೊರಟು ಹೋಗುತ್ತಿತ್ತು. ನಮ್ಮ ಬಾವಿಯಲ್ಲಿ ತಳದ ಕಲ್ಲು ಕಾಣಿಸಿತು.

ಸರ್ಕಾರಿ ಜಾಲಿ ಕೆರೆಯ ಅಂಗಳದಲ್ಲಿ ಹಬ್ಬಿದ್ದೂ ಆ ಕಾಲದಲ್ಲೇ. ಸೌದೆ ಇಲ್ಲದ ಸೀಮೆಗೆ ಇರಲಿ ಎಂದು ಸರ್ಕಾರದವರೇ ತಂದ ಗಿಡವಂತೆ. ಈಗ ಎಲ್ಲರೂ ಅದನ್ನು ಬೈಯುತ್ತಾರೆ. ನೀರು ಕುಡಿಯುತ್ತದೆ, ಮುಳ್ಳು ಚುಚ್ಚಿದರೆ ಕಾಲು ಬಾಯುತ್ತದೆ, ನೆಲವನ್ನು ಬಿಡುವುದಿಲ್ಲ. ಎಲ್ಲ ಸರಿ. ಆದರೆ ಬಂದರಿಕೆ ಮುಗಿದ ಮೇಲೆ ನನ್ನ ಒಲೆ ಉರಿಸಿದ್ದು ಅದೇ. ಅದನ್ನು ಬಿಟ್ಟು ಹೇಳಿದರೆ ಸುಳ್ಳಾಗುತ್ತದೆ.

ಗುಡ್ಡಕ್ಕೆ ಗಿಡ ಹಾಕುವ ಸ್ಕೀಮಿನವರು ಬಂದಾಗ ನನಗೆ ಮೊಮ್ಮಕ್ಕಳಾಗಿದ್ದರು. ಆಫೀಸರು ಕಟ್ಟೆಯ ಮೇಲೆ ಕಾಗದ ಹರಡಿಕೊಂಡು ಕೂತರು. ಗುಡ್ಡಕ್ಕೆ ಅಡ್ಡಡ್ಡ ಕಂದಕ ತೋಡಬೇಕು, ಕಂದಕದ ಸಾಲಿಗೆ ಗುಂಡಿ ತೆಗೆದು ಗಿಡ ನೆಡಬೇಕು, ಮೂರು ವರ್ಷ ದನ ಕುರಿ ಹತ್ತಬಾರದು. ಊರಿನಲ್ಲಿ ಒಂದು ಕಮಿಟಿ, ಅದಕ್ಕೆ ಹೆಂಗಸೇ ಪ್ರೆಸಿಡೆಂಟ್. ಹೆಬ್ಬೆಟ್ಟು ನಡೆಯುವುದಿಲ್ಲ, ಸಹಿ ಬೇಕು. ನಮ್ಮ ವಯಸ್ಸಿನ ಹೆಂಗಸರಲ್ಲಿ ಸಹಿ ಬರುತ್ತಿದ್ದುದು ನನಗೊಬ್ಬಳಿಗೆ. ಮೂರನೇ ಕ್ಲಾಸಿನ ತನಕ ತವರೂರ ಕನ್ನಡ ಶಾಲೆಗೆ ಹೋಗಿದ್ದೆ. ಕಾಗದವೆಲ್ಲ ತೆಲುಗಿನಲ್ಲಿತ್ತು. ಅವರು ಓದಿ ಹೇಳಿದರು.

ಸಹಿಗೆ ಮುಂಚೆ ಅಕ್ಕ ಎದ್ದು ನಿಂತಳು.

"ಮೂರ್ ವರ್ಷ ಕುರಿ ಉಪಾಸ ಇರಬೇಕೇನ್ರಿ?"

"ಹುಲ್ಲು ಕೊಯ್ದು ಮನೆಗೆ ತಂದು ಹಾಕಬಹುದಮ್ಮಾ," ಎಂದರು ಆಫೀಸರು. "ಕುರಿ ಮಾತ್ರ ಹತ್ತಬಾರದು."

"ಹುಲ್ಲು ಎಲ್ಲೈತ್ರಿ? ಬರ್ರಿ, ತೋರಿಸ್ರಿ. ಇಬ್ರೂ ಕೂಡಿ ಕೊಯ್ಯೋಣು."

ಕಟ್ಟೆಯ ಮೇಲಿದ್ದವರು ನಕ್ಕರು. ಆಫೀಸರೂ ನಕ್ಕರು. "ಎರಡನೇ ವರ್ಷಕ್ಕೆ ಬರುತ್ತದಮ್ಮಾ."

"ಮೊದಲ್ನೇ ವರ್ಷ ಅವಕ್ಕ ಹುಲ್ಲಿನ ಫೋಟೋ ತೋರಿಸಲೇನ್ರಿ?"

ಇನ್ನಷ್ಟು ನಗು. ನಗು ಮುಗಿದ ಮೇಲೆ ಎಲ್ಲರೂ ನನ್ನ ಕಡೆ ನೋಡಿದರು. ನಾನು ತೆಲುಗಿನ ಸಾಲಿನ ಕೆಳಗೆ ನನ್ನ ಹೆಸರನ್ನು ಕನ್ನಡದಲ್ಲಿ ಬರೆದೆ. ಬಾವಿಗೆ ನೀರು ಬರಲಿ ಎಂಬ ಆಸೆ ಇತ್ತು, ಅದು ನಿಜ. ಪ್ರೆಸಿಡೆಂಟಮ್ಮ ಅನ್ನಿಸಿಕೊಳ್ಳುವ ಆಸೆಯೂ ಇತ್ತು, ಅದೂ ನಿಜ.

ಅಂದಿನಿಂದ ಅಕ್ಕ ನನ್ನ ಜತೆ ಮಾತು ಬಿಡಲಿಲ್ಲ. ಬಿಟ್ಟಿದ್ದರೆ ಚೆನ್ನಾಗಿತ್ತು. ಬಹುವಚನ ಶುರು ಮಾಡಿದಳು. ಬೆಳಿಗ್ಗೆ ನಾನು ಮುಖ ತೊಳೆಯುತ್ತಿದ್ದರೆ ಬಾಗಿಲಲ್ಲಿ ನಿಂತು, "ಏನ್ರಿ ಪ್ರೆಸಿಡೆಂಟ್ರ, ಎದ್ದ್ರೀ? ಚಾ ಆತೇನ್ರಿ?" ಎನ್ನುವಳು.

"ಯಾಕಕ್ಕ ಹಂಗಂತೀಯ?"

"ದೊಡ್ಡೋರಿಗೆ ಮರ್ಯಾದಿ ಕೊಡಬೇಕಲ್ರಿ."

ಕುರಿಗಳನ್ನು ಕೆರೆಯ ಅಂಗಳಕ್ಕೆ ಹೊಡೆದಳು. ಅಲ್ಲಿ ಹುಲ್ಲು ಎಲ್ಲಿಯದು, ಜಾಲಿಯೇ ಎಲ್ಲ. ಜಾಲಿ ಸೊಪ್ಪನ್ನು ಕುರಿ ಮೂಸುವುದಿಲ್ಲ, ಆದರೆ ಅದರ ಕಾಯಿಯನ್ನು ಬಿಡುವುದಿಲ್ಲ. ಹಳದಿ ಬಣ್ಣದ ಉದ್ದ ಕಾಯಿ, ಬೆಲ್ಲದ ಹಾಗೆ ಸಿಹಿ. ಆ ಬೇಸಿಗೆ ಪೂರ್ತಿ ಅಕ್ಕ ಕೊಕ್ಕೆಯಿಂದ ಕೊಂಬೆ ಅಲ್ಲಾಡಿಸಿ ಕಾಯಿ ಉದುರಿಸಿದಳು, ಕುರಿ ಅದನ್ನೇ ತಿಂದು ಬದುಕಿದವು.

ಮಳೆಗೆ ಮುಂಚೆ ಗುಂಡಿಗಳು ತಯಾರಾದವು. ಗುಂಡಿಗೊಂದು ಬುಟ್ಟಿ ಗೊಬ್ಬರ ಎಂದು ಸ್ಕೀಮಿನಲ್ಲಿ ಬರೆದಿತ್ತು. ಯಾವ ಗೊಬ್ಬರ ಎಂದು ಬರೆದಿರಲಿಲ್ಲ. ನಮ್ಮ ಕಡೆ ಯಾರನ್ನು ಕೇಳಿದರೂ ಕುರಿ ಗೊಬ್ಬರಕ್ಕಿಂತ ಮೇಲಾದದ್ದು ಇಲ್ಲ ಎನ್ನುತ್ತಾರೆ. ಅಕ್ಕನ ಕುರಿ ಹಟ್ಟಿಯ ಮುಂದೆ ಎದೆಯೆತ್ತರದ ರಾಶಿ ಬಿದ್ದಿತ್ತು. ನಾನು ಹೋಗಿ ಕೇಳಿದೆ.

ಕೊಡುವುದಿಲ್ಲ ಎನ್ನುತ್ತಾಳೆ ಅಂದುಕೊಂಡಿದ್ದೆ. "ಒಯ್ಯಿ," ಎಂದಳು. "ನನ್ ಕುರಿ ಗುಡ್ಡ ಹತ್ತಂಗಿಲ್ಲ. ಅವುಗಳ ಹಿಕ್ಕಿ ಆದ್ರೂ ಹತ್ತಲಿ. ಆದ್ರ ಈಗ ಬ್ಯಾಡ. ಒಂದ್ ಮಳಿ ಬೀಳ್ಲಿ. ಇದ್ರಾಗ ಏನ್ ಹುಟ್ಟೋದೈತಿ, ಇಲ್ಲೇ ತಿಪ್ಪ್ಯಾಗ ಹುಟ್ಲಿ. ಕಿತ್ತು ಒಗದು ಆಮ್ಯಾಲ ಒಯ್ಯಿ."

ನಾನು ಅದನ್ನು ಸಿಟ್ಟಿನ ಮಾತು ಎಂದು ತಿಳಿದೆ. ಬೇಕೆಂದೇ ತಡ ಮಾಡಿಸುತ್ತಿದ್ದಾಳೆ, ಮಳೆ ಬಿದ್ದು ಕೆಲಸ ಕೆಟ್ಟರೆ ನೋಡಿ ನಗುವುದಕ್ಕೆ. ಆಫೀಸರು ವಾರದೊಳಗೆ ಅಳೆಯಲು ಬರುತ್ತೇನೆ ಎಂದಿದ್ದರು. ಮಾರನೆಯ ದಿನವೇ ಹೆಂಗಸರನ್ನು ಕರೆದು ಬುಟ್ಟಿ ಹೊರಿಸಿದೆ. ಹಸಿ ಹಿಕ್ಕೆಯನ್ನೇ ಗುಂಡಿಗೆ ತುಂಬಿ, ಬೇವು, ಹೊಂಗೆ, ಸೀತಾಫಲದ ಸಸಿ ಇಟ್ಟು, ಸುತ್ತ ಬೇವಿನ ಬೀಜವನ್ನೂ ಚೆಲ್ಲಿದೆವು. ಅಕ್ಕ ಹಟ್ಟಿಯ ಬಾಗಿಲಲ್ಲಿ ಕೂತು ನೋಡಿದಳು.

ಮಳೆ ಹದವಾಗಿ ಬಿತ್ತು. ಎಂಟೇ ದಿನಕ್ಕೆ ಗುಂಡಿ ಗುಂಡಿಯಲ್ಲೂ ಮೊಳಕೆ. ಒಂದಲ್ಲ ಎರಡಲ್ಲ, ಸೊಪ್ಪಿನ ಮಡಿಯ ಹಾಗೆ ಒತ್ತಾಗಿ. ಹೆಂಗಸರು ಕುಣಿದಾಡಿದರು. ನಾನು ಒಂದು ಮೊಳಕೆಯನ್ನು ಮಣ್ಣು ಸಮೇತ ಅಂಗೈಯಲ್ಲಿ ಇಟ್ಟುಕೊಂಡು ಅಕ್ಕನಿಗೆ ತೋರಿಸಲು ಹೋದೆ. ಅವಳ ಮಾತು ಕೇಳದಿದ್ದದ್ದೇ ಒಳ್ಳೆಯದಾಯಿತು ಎಂದು ತೋರಿಸಬೇಕಿತ್ತು.

ಅವಳು ಕಣ್ಣಿನ ಹತ್ತಿರ ಹಿಡಿದು ನೋಡಿದಳು.

"ಏನಿದು?"

"ಬೇವು ಕಣಕ್ಕ. ಚೆಲ್ಲಿದ ಬೀಜ ಎಲ್ಲಾ ಹುಟ್ಟೈತೆ."

"ಇನ್ನ ಹದಿನೈದು ದಿನ ತಡಿ. ಮುಳ್ಳು ಬಂದ್ರ ನನಗ ಹೇಳು."

ಹದಿನೈದು ದಿನ ಬೇಕಾಗಲಿಲ್ಲ. ಜಾಲಿ. ಅವಳ ಕುರಿ ಬೇಸಿಗೆಯೆಲ್ಲ ತಿಂದ ಕಾಯಿಯ ಬೀಜ ಹಿಕ್ಕೆಯಲ್ಲಿ ಹಾಗೇ ಉಳಿದಿತ್ತು. ಅದನ್ನು ನಾವೇ ತಲೆಯ ಮೇಲೆ ಹೊತ್ತು, ಗುಡ್ಡ ಹತ್ತಿಸಿ, ಗುಂಡಿ ತೋಡಿ, ನೀರು ನಿಲ್ಲುವ ಹಾಗೆ ಕಟ್ಟೆ ಕಟ್ಟಿ ಹಾಕಿದ್ದೆವು. ಜಾಲಿ ಎಲ್ಲ ಊರಲ್ಲೂ ಇದೆ. ಹಗ್ಗ ಹಿಡಿದು, ಅಳತೆ ಮಾಡಿ, ಸಾಲಾಗಿ ಬೆಳೆಸಿದ ಜಾಲಿ ಇದ್ದದ್ದು ನಮ್ಮೂರಲ್ಲಿ ಮಾತ್ರ.

ಆಫೀಸರು ಬಂದು ಕೆಳಗಿನಿಂದಲೇ ಫೋಟೋ ತೆಗೆದರು. ದೂರಕ್ಕೆ ಹಸಿರೇ ಹಸಿರು. ನಾನು ಕರೆದುಕೊಂಡು ಹೋಗಿ ಮುಳ್ಳು ತೋರಿಸಿದೆ. ಅವರು ಬಹಳ ಹೊತ್ತು ತಲೆ ಕೆರೆದುಕೊಂಡರು. ಕೆಟ್ಟ ಮನುಷ್ಯ ಅಲ್ಲ.

"ನೆಡೋದಕ್ಕೆ ಎಸ್ಟಿಮೇಟ್ ಇದೆಯಮ್ಮಾ. ಕೀಳೋದಕ್ಕೆ ಇಲ್ಲ," ಎಂದರು.

ಕೂಲಿ ಇಲ್ಲದೆ ಕೀಳಲು ಹೆಂಗಸರು ಬರಲಿಲ್ಲ. ಯಾಕೆ ಬಂದಾರು. ನಾನೊಬ್ಬಳೇ ನಾಲ್ಕು ದಿನ ಹೋಗಿ ಬಂದೆ, ಐದನೆಯ ದಿನ ಬಿಟ್ಟೆ. ಅಕ್ಕ ಹೇಳಿದ್ದು ಸರಿ ಇತ್ತು ಎಂದು ಅವಳ ಮುಂದೆ ಒಪ್ಪಿಕೊಳ್ಳಲಿಲ್ಲ. ಅವಳೂ ಕೆದಕಲಿಲ್ಲ. "ಊಟ ಆತೇನ್ರಿ ಪ್ರೆಸಿಡೆಂಟ್ರ," ಎನ್ನುವುದನ್ನು ಮಾತ್ರ ಬಿಡಲಿಲ್ಲ.

ಎರಡನೆಯ ಬೇಸಿಗೆಗೆ ಇದ್ದಿಲು ಸುಡುವವರು ಬಂದು ಕೆರೆಯ ಅಂಗಳದ ಜಾಲಿಯನ್ನು ಗುತ್ತಿಗೆ ಹಿಡಿದು ಕಡಿದರು. ಕಾಯಿಯೂ ಹೋಯಿತು, ನೆರಳೂ ಹೋಯಿತು. ಅಕ್ಕನ ನಲವತ್ತು ಇಪ್ಪತ್ತಾರಕ್ಕೆ ಇಳಿದಿತ್ತು. ಕೆಲವು ಸತ್ತವು, ಕೆಲವನ್ನು ಮಾರಿದಳು. ಗುಡ್ಡದ ಮೇಲೆ ಮಾತ್ರ ಆ ಹೊತ್ತಿಗೆ ಕಂದಕದ ಬದಿಗೆ ಹುಲ್ಲು ನಿಂತಿತ್ತು, ಒಣಗಿ ಬಂಗಾರದ ಬಣ್ಣವಾಗಿ. ಜಾಲಿ ಮುಳ್ಳಿನ ನಡುವೆ ಕುಡುಗೋಲು ಹಾಕಲು ಯಾರಿಗೂ ಆಗುತ್ತಿರಲಿಲ್ಲ. ಕೆಳಗೆ ನಿಂತು ಕುರಿ ಮೇಲೆ ನೋಡುತ್ತಿದ್ದವು.

ಒಂದು ದಿನ ಅವಳು ನನ್ನ ಅಡುಗೆ ಮನೆಗೆ ಬಂದು ಕೂತಳು. ಬಹುವಚನ ಇರಲಿಲ್ಲ.

"ಒಂದ್ ಮಗ್ಗಲು ಬಿಡು. ಮಳಿ ಬರೋತನ."

"ಆಗಲ್ಲಕ್ಕ. ಸಹಿ ಹಾಕಿದೀನಿ."

"ಹಾಕಿದ ಕೈ ನಿಂದ ಅಲ್ಲೇನು?"

ಅವಳು ಎದ್ದಳು. "ಬರೋ ಶನಿವಾರ ರಾಯದುರ್ಗದ ವ್ಯಾಪಾರಿ ಬರ್ತಾನ. ಎಲ್ಲಾ ಒಮ್ಮಿಗೇ ಹೊಡಕೊಂಡು ಹೋಗ್ತೀನಿ ಅಂದಾನ. ನಿನಗ ಹೇಳಿರಬೇಕಂತ ಹೇಳೀನಿ, ಅಷ್ಟ."

ಕುರಿ ಇಲ್ಲದ ಅಕ್ಕನನ್ನು ನೆನೆಸಿಕೊಳ್ಳಲು ನನಗೆ ಆಗಲಿಲ್ಲ. ಅವಳು ಬೇರೆಯವರ ಹೊಲಕ್ಕೆ ಕಳೆ ಕೀಳಲು ಹೋಗುವುದನ್ನು ನನ್ನ ಕಣ್ಣಿಂದ ನೋಡಬೇಕು. ಮಾರನೆಯ ದಿನ ನನ್ನ ತಮ್ಮನ ಮಗಳ ಸೀಮಂತವಿತ್ತು. ಎರಡು ಬಸ್ಸು, ಒಂದು ಆಟೋ ಬದಲಿಸಿ ತವರಿಗೆ ಹೋದೆ.

ತಮ್ಮ ಬೋರ್‌ವೆಲ್ ಹಾಕಿಸಿ ತೆಂಗು ಬೆಳೆಸಿದ್ದ. ತೋಟದಲ್ಲಿ ಕುರಿ ತರುಬಿಸಿದ್ದ. ಹಗ್ಗ, ಗೂಟ, ಅದರೊಳಗೆ ಮಂದೆ. ಪಕ್ಕದ ಸಾಲಿನ ಹುಲ್ಲಿಗೆ ಕುರಿ ಕತ್ತು ಚಾಚುತ್ತಿದ್ದವು.

"ಅದುನ್ನೂ ಬಿಡಬಾರದೇನೋ?" ಎಂದೆ.

"ಅದು ನಾಳಿಕ್ಕೆ ಕಣಕ್ಕ. ದಿನಕ್ಕೊಂದು ಪಟ್ಟೆ. ಅಪ್ಪ ಮಾಡ್ತಿದ್ದಂಗೆ. ಮರ್ತೋಯ್ತಾ? ಗೂಟ ಕೀಳ್ತಿದ್ದೋಳು ನೀನೇ ಅಲ್ವಾ?"

ಹೌದು, ನಾನೇ. ಬೆಳಿಗ್ಗೆ ಅಪ್ಪ ಹಗ್ಗ ಸುತ್ತುತ್ತಿದ್ದ, ನಾನು ಗೂಟ ಕಿತ್ತು ಹೆಜ್ಜೆ ಎಣಿಸಿ ಮುಂದಿನ ಪಟ್ಟೆಗೆ ನೆಡುತ್ತಿದ್ದೆ. ಅಪ್ಪ ಬಾಯಲ್ಲಿ ಬೀಡಿ ಕಚ್ಚಿಕೊಂಡೇ, "ಇನ್ನೊಂದೆಜ್ಜೆ ಮಗ," ಎನ್ನುತ್ತಿದ್ದ. ಐವತ್ತು ವರ್ಷದ ಮೇಲೆ ಅದು ನೆನಪಿಗೆ ಬಂತು. ಸೀಮಂತದ ಊಟಕ್ಕೂ ನಿಲ್ಲದೆ ಹೊರಟೆ. ತಮ್ಮನ ಹೆಂಡತಿ ಇವತ್ತಿಗೂ ಅದನ್ನು ಆಡಿಕೊಳ್ಳುತ್ತಾಳೆ.

ಶುಕ್ರವಾರ ಸಂಜೆ ಅಕ್ಕನ ಹಟ್ಟಿಗೆ ಹೋದೆ.

"ನಾಳೆ ಅವನು ಬಂದ್ರೆ ವಾಪಸ್ ಕಳ್ಸು," ಎಂದೆ. "ನಾವಿಬ್ರೂ ಒಂದು ಸಾಲು ಜಾಲಿ ಕೀಳಾನ. ಕಿತ್ತ ಮುಳ್ಳನ್ನ ಬೇವಿನ ಸಸಿ ಸುತ್ತ ಇಡಾನ, ಕುರಿ ಬಾಯಿ ಹಾಕಂಗಿಲ್ಲ. ಆ ಸಾಲಿನ ಹುಲ್ಲು ನಿನ್ ಕುರಿಗೆ. ಹಗ್ಗ ಕಟ್ಟಿ. ಕಿತ್ತಷ್ಟೇ ಮೇಸೋದು, ಅದರಾಚೆ ಒಂದೆಜ್ಜೆ ಇಲ್ಲ."

"ರೂಲ್ಸು?"

"ಪ್ರೆಸಿಡೆಂಟ್ ನಾನಲ್ವಾ?"

ಅವಳು ನನ್ನ ಮುಖ ನೋಡಿದಳು. "ಹಸಿ ಗೊಬ್ರ ಹಾಕಿದ್ದು ತಪ್ಪಾತು ಅನ್ನು ಮೊದ್ಲು."

"ತಪ್ಪಾಯ್ತು."

"ಇನ್ನೊಮ್ಮೆ ಅನ್ನು."

"ಅಕ್ಕ, ಸಾಕು."

"ಹೋಗ್ಲಿ ಬಿಡ್ರಿ," ಎಂದಳು.

ಆ ಎರಡು ತಿಂಗಳು ನಾವು ಬೆಳಿಗ್ಗೆ ಬೆಳಿಗ್ಗೆಯೇ ಗುಡ್ಡ ಹತ್ತಿದೆವು. ಅವಳ ಕೈಯಲ್ಲಿ ಹಾರೆ, ನನ್ನ ಕೈಯಲ್ಲಿ ಗುದ್ದಲಿ. ಜಾಲಿ ಬೇರು ಎಳೆದಷ್ಟೂ ಬರುತ್ತದೆ, ನಡುವೆ ಹರಿದರೆ ಮತ್ತೆ ಚಿಗುರುತ್ತದೆ. ಅವಳು ಬುಡಕ್ಕೆ ಹಾರೆ ಹಾಕಿ ಮೀಟುವಳು, ನಾನು ಸೆರಗನ್ನು ಕೈಗೆ ಸುತ್ತಿಕೊಂಡು ಜಗ್ಗುವೆನು. ಅಂಗೈ ತುಂಬ ಗಾಯ. ಹತ್ತು ಗಂಟೆಯ ಹೊತ್ತಿಗೆ ಬಂಡೆಯ ನೆರಳಿಗೆ ಕೂತು ರೊಟ್ಟಿ ತಿನ್ನುತ್ತಿದ್ದೆವು. ಅವಳ ಗಂಡನ ಸುದ್ದಿ ನಾನು ಮೊದಲ ಸಲ ಕೇಳಿದ್ದು ಅಲ್ಲಿ. ನನ್ನ ಗಂಡ ಚಿಕ್ಕವನಿದ್ದಾಗ ಕಳ್ಳತನದಲ್ಲಿ ಕುರಿ ಹಾಲು ಹಿಂಡಿ ಕುಡಿದು ಒದೆ ತಿಂದದ್ದೂ ಅಲ್ಲೇ ತಿಳಿಯಿತು. ಹಗ್ಗದ ಆಚೆ ಬಾಯಿ ಹಾಕುವ ಒಂದು ಟಗರಿತ್ತು. ಅದಕ್ಕೆ ಅಕ್ಕ, "ಏಯ್, ಪ್ರೆಸಿಡೆಂಟ್ರು ನೋಡ್ತಾರ," ಎಂದು ಕೂಗುತ್ತಿದ್ದಳು. ಎರಡು ಹೆರಿಗೆ, ಒಂದು ಮನೆ ಕಟ್ಟಿದ್ದು, ಮಕ್ಕಳ ಮದುವೆ, ಎಲ್ಲ ನನ್ನ ಜೀವನದಲ್ಲಿ ಆಗಿವೆ. ಆದರೆ ಕಣ್ಣು ಮುಚ್ಚಿ ಯಾವ ದಿನ ಮತ್ತೆ ಬೇಕು ಎಂದು ಕೇಳಿದರೆ ಆ ಎರಡು ತಿಂಗಳಲ್ಲಿ ಯಾವುದಾದರೂ ಒಂದನ್ನು ಕೊಡಿ ಎನ್ನುತ್ತೇನೆ.

ಯಾರೋ ಹೋಗಿ ಹೇಳಿದರು. ಆಫೀಸರು ಬಂದಾಗ ಕುರಿ ಮೇಯುತ್ತಿದ್ದವು.

"ಇದೇನಮ್ಮಾ, ನೀವೇ ಸಹಿ ಹಾಕಿ ನೀವೇ ಹೀಗೆ?"

"ಬರ್ರಿ, ನೋಡ್ರಿ," ಎಂದು ಅಕ್ಕ ಅವರನ್ನು ಸಾಲಿನುದ್ದಕ್ಕೂ ನಡೆಸಿದಳು. ಕಿತ್ತ ಸಾಲಿನಲ್ಲಿ ಬೇವು ಸೊಂಟದೆತ್ತರ ಎದ್ದಿತ್ತು, ಸುತ್ತ ಮುಳ್ಳಿನ ಬೇಲಿ. ಕೀಳದ ಕಡೆ ಬೇವು ಎಲ್ಲಿದೆ ಎಂದು ಬಗ್ಗಿ ಹುಡುಕಬೇಕಿತ್ತು. ಅವರು ಎಲ್ಲ ನೋಡಿದರು. "ನೀವು ಮಾಡಿದ್ದು ತಪ್ಪು ಅನ್ನೋಕೆ ನನಗೆ ಬಾಯಿ ಬರ್ತಿಲ್ಲ," ಎಂದರು. "ಆದರೆ ಕುರಿ ಒಳಗಿದ್ದದ್ದು ದೂರಿನ ಕಾಗದದಲ್ಲಿ ಬಂದಿದೆ. ನಾನೇನು ಮಾಡಲಮ್ಮಾ?"

ಅವರು ಮಾಡಿದ್ದು ಇಷ್ಟೇ: ನನ್ನನ್ನು ತೆಗೆದರು. ಬೇರೆ ಹೆಂಗಸನ್ನು ಪ್ರೆಸಿಡೆಂಟ್ ಮಾಡಿದರು, ಅವಳ ಸಹಿಯನ್ನು ಅವಳ ಗಂಡ ಹಾಕುತ್ತಿದ್ದ. ಕುರಿ ಕೆಳಗಿಳಿದವು. ಆದರೆ ಅಷ್ಟೊತ್ತಿಗೆ ಮೊದಲ ಮಳೆ ಬಿದ್ದು ದಾರಿ ಬದಿಯಲ್ಲಿ ಗರಿಕೆ ಎದ್ದಿತ್ತು. ಇಪ್ಪತ್ತಾರರಲ್ಲಿ ಒಂದೂ ಕಡಿಮೆಯಾಗಿರಲಿಲ್ಲ. ಎರಡು ಮರಿ ಹೆಚ್ಚಾಗಿದ್ದವು.

ಮೂರು ವರ್ಷ ಮುಗಿದ ಮೇಲೆ ಗುಡ್ಡ ತೆರೆಯಿತು, ಅಕ್ಕ ಹತ್ತಿದಳು. ನಮ್ಮ ಬಾವಿಗೆ ಒಂದಾಳು ನೀರು ಬಂತು. ಕಂದಕ ತೋಡಿಸಿದ್ದು ದಂಡ ಎಂದು ನಾನು ಹೇಳುವುದಿಲ್ಲ. ಮೊಣಕಾಲು ಹಿಡಿಯುವ ತನಕ ಅವಳು ಕುರಿ ಕಾದಳು. ಆಮೇಲೆ ತಾನೇ ನಿಂತು, ತನಗೆ ಬೇಕಾದವರನ್ನು ಆರಿಸಿ ಮಂದೆ ಹಂಚಿ ಮಾರಿದಳು. ವ್ಯಾಪಾರಿಗೆ ಒಂದನ್ನೂ ಕೊಡಲಿಲ್ಲ. ಹೋದ ವರ್ಷದ ಹಿಂದಿನ ವರ್ಷ ತೀರಿಕೊಂಡಳು.

ಮೊನ್ನೆ ಹೊಸ ಸ್ಕೀಮಿನವರು ಬಂದಿದ್ದರು. ಈಗ ಜಾಲಿ ಕಿತ್ತು ಹಾಕುವುದಕ್ಕೇ ಸ್ಕೀಮು, ಜೆಸಿಬಿ ತರುತ್ತಾರಂತೆ. ಹುಡುಗ ಆಫೀಸರು, ಬೆಳುಗುಪ್ಪದ ಕಡೆಯವನು, ನನ್ನನ್ನು ಜತೆಗೆ ಕರೆದುಕೊಂಡು ಹೋದ. ಮೇಲೆ ಒಂದು ಕಡೆ ನಿಂತ.

"ಅಜ್ಜಿ, ಈ ಕಡೆ ಎಲ್ಲಾ ಬೇವು, ಆ ಕಡೆ ಎಲ್ಲಾ ಜಾಲಿ. ನಡುವೆ ಗೆರೆ ಹೊಡೆದಂಗೆ ಐತಲ್ಲ. ಮಣ್ಣು ಬೇರೆ ಐತೇನು?"

"ಮಣ್ಣು ಒಂದೇನಪ್ಪ."

"ಮತ್ತೆ ಯಾಕೆ ಹಿಂಗೆ?"

"ಇಲ್ಲಿ ತನಕ ನಮ್ಮಕ್ಕನ ಕುರಿ ಬಂದಿದ್ವು," ಎಂದೆ. "ಅಲ್ಲಿಂದ ಮುಂದಕ್ಕೆ ಬಿಡಲಿಲ್ಲ."

ಅವನು ಕೈಯಲ್ಲಿದ್ದ ಫಾರಂ ನೋಡಿದ. ಕುರಿ ಬರೆಯುವ ಜಾಗ ಅದರಲ್ಲಿ ಇರಲಿಲ್ಲವೇನೋ. ಬಗ್ಗಿ ಈ ಕಡೆಯ ಮಣ್ಣು ಒಂದು ಕವರಿಗೆ, ಆ ಕಡೆಯ ಮಣ್ಣು ಇನ್ನೊಂದು ಕವರಿಗೆ ಹಾಕಿಕೊಂಡ.